ಏಳನೆಯ ಮಡಕೆ

ಮದರಾಸು
12–11–1939

ಪೂಜ್ಯ ಮೇಷ್ಟ್ರಿಗೆ ಕಂಠಪ್ಪನ ನಮಸ್ಕಾರಗಳು.

ಹತ್ತು ವರ್ಷ ಕಾಗದ ಬರೆಯದವನು ಈಗ ಬರೆಯುತ್ತಿರುವುದಕ್ಕೆ ಏನೋ ಕೆಲಸವಿರಬೇಕು ಎಂದು ನೀವು ಊಹಿಸಿಯೇ ಇರುತ್ತೀರಿ. ಕೆಲಸವಿದೆ. ಇಷ್ಟು ದಿನ ಇಲ್ಲಿಯ ಸ್ಟುಡಿಯೋಗಳಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದೆ. ದೇವಲೋಕದ ತಗಡಿನ ಕಿರೀಟಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುವುದೇ ನನ್ನ ಕೆಲಸವಾಗಿತ್ತು. ಈಗ ಕಂಪನಿಯವರು ಒಂದು ಟಾಕಿಯನ್ನು ನನ್ನ ಕೈಗೇ ಒಪ್ಪಿಸಿದ್ದಾರೆ. ಕಥೆ ನನ್ನದು. ಕೇರಿಯ ಜನರ ಕಥೆ. ಹೆಸರು ‘ಕೇರಿಯ ಕಣ್ಣೀರು’.

ನಮ್ಮ ಸೋಗೆಕಟ್ಟೆಯ ಸ್ಕೂಲಿನಲ್ಲಿ ನಾನು ಒಳಗೆ ಮಣೆಯ ಮೇಲೆ ಕೂತಿದ್ದಾಗ ಕೇರಿಯ ಲಿಂಗಯ್ಯ ಹೊರಗೆ ಜಗಲಿಯ ಬಿಸಿಲಲ್ಲಿ ಕೂತು ಕಿಟಕಿಯಿಂದ ಪಾಠ ಕೇಳುತ್ತಿದ್ದ. ಅವನ ಮುಖ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಈ ಚಿತ್ರ ತೆಗೆಯುವುದು ಅದಕ್ಕಾಗಿ.

ಮುಖಕ್ಕೆ ಮಸಿ ಬಳಿದ ಪಟ್ಟಣದ ನಟಿಯರಿಂದ ಇದು ಆಗುವುದಿಲ್ಲ. ನಮ್ಮ ಕೇರಿಯವರೇ ಬೇಕು. ಕಥೆಯಲ್ಲಿ ಬಾವಿಯ ನೀರು ಸಿಗದೆ ಒಬ್ಬ ಮುದುಕಿ ಸಾಯುತ್ತಾಳೆ. ಆಗ ಕೇರಿಯವರು ಸತ್ತವರನ್ನು ಕಳಿಸುವ ಪದ ಹಾಡಬೇಕು. ಚಿಕ್ಕವನಿದ್ದಾಗ ಕೆರೆ ಏರಿಯ ಮೇಲೆ ನಿಂತು ಒಂದು ಸಲ ಕೇಳಿದ್ದೆ. ಅಂಥ ಹಾಡನ್ನು ಯಾವ ಹಾರ್ಮೋನಿಯಂ ಮಾಸ್ತರನೂ ಕಟ್ಟಲಾರ.

ನಾವು ಹೇಳಿದರೆ ಕೇರಿಯವರು ನಂಬುವುದಿಲ್ಲ, ನೀವು ಹೇಳಿದರೆ ನಂಬುತ್ತಾರೆ. ದಯಮಾಡಿ ಅವರಿಗೆ ಒಂದು ಮಾತು ಹೇಳಿ.

ನಿಮ್ಮ ಉತ್ತರದ ದಾರಿ ನೋಡುವ,
ಕಂಠಪ್ಪ

*

ಸೋಗೆಕಟ್ಟೆ
26–11–1939

ಚಿರಂಜೀವಿ ಕಂಠಪ್ಪನಿಗೆ ಗುರುಮಲ್ಲಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ನಿನ್ನ ಏಳಿಗೆಯನ್ನು ಕೇಳಿ ನನಗೂ ಸುನಂದಮ್ಮನಿಗೂ ಸಂತೋಷವಾಯಿತು. ನಾನು ಪೆನ್ಷನ್ ಪಡೆದು ಮೂರು ವರ್ಷವಾದವು. ಈಗ ಪತ್ರಿಕೆಗಳನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಲು ಪುರುಸೊತ್ತಿದೆ.

ನನಗೆ ಹಳೆಯದೆಲ್ಲ ನೆನಪಿರುತ್ತದೆಂಬುದು ನಿನಗೆ ಗೊತ್ತಲ್ಲ. 1907ರಲ್ಲಿ ಒಬ್ಬ ಬಿಳಿಯ ದೊರೆ ಬಂದು ಕೇರಿಯವರನ್ನು ಸಾಲಾಗಿ ನಿಲ್ಲಿಸಿ ಇಕ್ಕಳದಂಥ ಸಾಮಾನು ಹಿಡಿದು ಮೂಗು ಅಳೆದ. ಪುಸ್ತಕ ಬರೆಯುತ್ತೇನೆಂದ. ಬರೆದಿರಲೂಬಹುದು, ಮೂಗು ಕೊಟ್ಟವರಿಗೆ ಒಂದು ಹಾಳೆಯೂ ಬರಲಿಲ್ಲ. ಅದಾದ ಎರಡು ವರ್ಷಕ್ಕೆ ಮೈಸೂರಿನ ಒಬ್ಬ ಫೋಟೋಗಾರ ಬಂದು ಇಪ್ಪತ್ತೈದರ ಪ್ರಾಯದ ಚಿಕ್ಕಸಿದ್ದಮ್ಮನ ತಲೆಯ ಮೇಲೆ ಮಡಕೆ ಇಡಿಸಿ ಪಟ ತೆಗೆದ. ಆ ಪಟ ಅಂಚೆಕಾರ್ಡಾಗಿ ದಸರೆಯಲ್ಲಿ ಮಾರಾಟವಾಯಿತು. ಒಂದನ್ನು ನಾನೇ ಕೊಂಡಿದ್ದೆ, ನನ್ನ ನಿಘಂಟಿನೊಳಗೆ ಈಗಲೂ ಇದೆ. ಚಿಕ್ಕಸಿದ್ದಮ್ಮ ಮಾತ್ರ ಅದನ್ನು ನೋಡಿಲ್ಲ. ತೋರಿಸಬೇಕೆಂದು ನನಗೆ ಯಾವತ್ತೂ ಹೊಳೆದೇ ಇರಲಿಲ್ಲವೆಂಬುದು ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು.

ಆದರೂ ನಿನ್ನ ಉದ್ದೇಶ ಒಳ್ಳೆಯದೆಂದು ಕೇರಿಯ ಯಜಮಾನ ಸಣ್ಣಬೀರಯ್ಯನನ್ನು ಕರೆಸಿ ಮಾತಾಡಿದೆ. ಅವನು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಕೇಳಿದ. ಆಮೇಲೆ, “ಆಟ ಆಡೋಕೆ ನಮ್ದೇನಡ್ಡಿ ಬುದ್ಧಿ? ಆದ್ರೆ ಆ ಪದ ಆಟದ್ದಲ್ಲ” ಎಂದ.

ಅವರ ಕಟ್ಟಳೆ ಹೀಗಿದೆ. ಈ ಕೇರಿಯದು ಮಾತ್ರ. ಬೇರೆ ಕಡೆ ನಾನು ಕೇಳಿಲ್ಲ. ಸತ್ತವರ ಹೆಸರು ಹಿಡಿದು, ಏಳು ತಲೆಯವರನ್ನು ನೆನೆದು, ಈ ಬಾಗಿಲು ಇನ್ನು ನಿನ್ನದಲ್ಲ, ಮುಂದಕ್ಕೆ ನಡೆ ಎಂದು ಹಾಡುತ್ತಾರೆ. ಹೆಸರು ಕೂಗಿದ ಕೂಡಲೆ ಮನೆಯವರೊಬ್ಬರು ಸತ್ತವರ ಮಡಕೆಯನ್ನು ಒಡೆಯಬೇಕು. ಆಗ ಸತ್ತವರು ಹಿಂತಿರುಗಿ ನೋಡದೆ ಹೋಗುತ್ತಾರಂತೆ. ಆ ಮೇಲೆ ಆ ಹೆಸರನ್ನು ಕೇರಿಯಲ್ಲಿ ಯಾರೂ ಎತ್ತುವುದಿಲ್ಲ. ಒಬ್ಬರಿಗೆ ಒಂದೇ ಸಲ ಈ ಪದ.

ಈಗ ಹಾಡುವವಳು ಚಿಕ್ಕಬಸಮ್ಮ, ಚಿಕ್ಕಸಿದ್ದಮ್ಮನ ತಂಗಿ, ಲಿಂಗಯ್ಯನ ತಾಯಿ. ಹದಿನೆಂಟನೆಯ ಇಸವಿಯ ಜ್ವರದಲ್ಲಿ ಹನ್ನೆರಡು ದಿನಕ್ಕೆ ನಲವತ್ತು ಜನರನ್ನು ಹಾಡಿ ಕಳಿಸಿದವಳು.

ಸಣ್ಣಬೀರಯ್ಯ ಒಂದು ದಾರಿ ಹೇಳಿದ. ಪದಕ್ಕೆ ಹುಸಿ ಹೆಸರು ಹಾಕಬೇಕು. ಪ್ರತಿ ಸಲ ಹಾಡಿದಾಗಲೂ ತಪ್ಪದೆ ಒಂದು ಮಡಕೆ ಒಡೆಯಬೇಕು. “ನಿಮ್ ಮಾತ್ ಮ್ಯಾಲೆ ಒಪ್ಕತೀವಿ. ನಾಳೀಕೆ ಎಚ್ಚುಕಮ್ಮಿ ಆದ್ರೆ ನಾವ್ ಮದ್ರಾಸ್‌ಗೆ ಬರಾಕಿಲ್ಲ, ನಿಮ್ ಮನೆ ಬಾಗ್ಲಿಗೇ ಬರೋದು” ಎಂದು ನಗುತ್ತ ಎದ್ದ.

ನಾನು ಮಾತು ಕೊಟ್ಟಿದ್ದೇನೆ. ಎರಡೇ ಎರಡು ನಿಬಂಧನೆ, ಮರೆಯಬೇಡ.

ಶುಭ ಕೋರುವ,
ಗುರುಮಲ್ಲಪ್ಪ

*

ಮೈಸೂರು
18–2–1940

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಹೋಟೆಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಮದರಾಸಿಗೆ ಹೊರಡುತ್ತೇವೆ. ನೀವು ಅವತ್ತು ಹುಣಸೂರಿನ ಮದುವೆಗೆ ಹೋಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಸೋಗೆಕಟ್ಟೆಯ ಆ ಮಧ್ಯಾಹ್ನವನ್ನು ನಾನು ಸಾಯುವವರೆಗೂ ಮರೆಯಲಾರೆ.

ಸಾಯುವ ಮುದುಕಿಯ ಪಾತ್ರಕ್ಕೆ ಚಿಕ್ಕಸಿದ್ದಮ್ಮನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದೆವು. ಎಂಥ ತಾಳ್ಮೆ ಆ ಮುದುಕಿಯದು! ನೊಣ ಮೂಗಿನ ಮೇಲೆ ಕೂತರೂ ಅಲುಗಲಿಲ್ಲ. ಒಮ್ಮೆ ಮಾತ್ರ ಕಣ್ಣು ಮುಚ್ಚಿಕೊಂಡೇ, “ಬಿರ್ರನೆ ಸಾಯ್ಸಿ ಬುದ್ಧಿ, ಸೊಂಟ ಇಡ್ಕತದೆ” ಎಂದಳು. ಕಂಪನಿಯವರೆಲ್ಲ ನಕ್ಕರು.

ಕುಂಬಾರನು ಚಿಕ್ಕಸಿದ್ದಮ್ಮನ ಕೈಯಲ್ಲೇ ಸುಣ್ಣದ ಬೊಟ್ಟು ಇಡಿಸಿ ಏಳು ಮಡಕೆ ಕೊಟ್ಟಿದ್ದ. ಚಿಕ್ಕಬಸಮ್ಮ ನಾವು ಹೇಳಿದ ‘ಕಾಳಮ್ಮ’ ಎಂಬ ಹೆಸರಿಟ್ಟು ಹಾಡಿದಳು. ಲಿಂಗಯ್ಯ ಮಡಕೆ ಒಡೆದ. ಮೊದಲ ಸಲ ಧ್ವನಿ ಸರಿಯಾಗಿ ದಾಖಲಾಗಲಿಲ್ಲ. ಎರಡನೆಯ ಸಲ ಮೋಡ. ಹೀಗೆ ಆರು ಸಲ ಆಯಿತು, ಆರು ಮಡಕೆ ಹೋದವು. ಹಾಡು ಬರುತ್ತಿತ್ತು, ಅಳು ಬರುತ್ತಿರಲಿಲ್ಲ. ಏಳನೆಯ ಸಲಕ್ಕೆ ನಾನು ಚಿಕ್ಕಬಸಮ್ಮನ ಹತ್ತಿರ ಹೋಗಿ ಕಿವಿಯಲ್ಲಿ, “ಮಲಗಿರೋಳು ನಿಮ್ಮಕ್ಕ ಕಣಮ್ಮ. ನಿಜವಾಗಿ ಸತ್ತಳು ಅಂದ್ಕೊ” ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು.

ಮೇಷ್ಟ್ರೇ, ಆಮೇಲೆ ಬಂದ ಹಾಡು! ನಮ್ಮ ಕ್ಯಾಮೆರಾದವನು ತಮಿಳಿನವನು, ಒಂದು ಅಕ್ಷರ ಅರ್ಥವಾಗದಿದ್ದರೂ ಅವನ ಕಣ್ಣಲ್ಲಿ ನೀರು. ಹೆಸರು ಕೂಗುವ ಹೊತ್ತಿಗೆ ಅವಳ ಬಾಯಲ್ಲಿ ಕಾಳಮ್ಮ ಬರಲಿಲ್ಲ, ‘ಚಿಕ್ಕಸಿದ್ದಮ್ಮಾ’ ಎಂದೇ ಬಂತು. ಇಡೀ ಕೇರಿ ಉಸಿರು ಹಿಡಿದು ನಿಂತಿತು. ಅದೇ ಗಳಿಗೆಗೆ ರೀಲು ಮುಗಿಯಿತು. ಉಳಿದಿದ್ದ ಒಂದೇ ಮಡಕೆ ಹಾಳಾಗಬಾರದೆಂದು ನಾನೇ ಓಡಿಹೋಗಿ ಲಿಂಗಯ್ಯನ ಕೈಯಿಂದ ಕಿತ್ತುಕೊಂಡೆ. ಆಮೇಲೆ ನೋಡಿದರೆ ಹೆಸರು ಕೂಗುವವರೆಗೂ ರೀಲಿನಲ್ಲಿ ಬಂದಿತ್ತು, ಮತ್ತೆ ಹಾಡಿಸುವ ಅಗತ್ಯವೇ ಇರಲಿಲ್ಲ. ಮಡಕೆ ಒಡೆಯುವುದನ್ನು ಮಾರನೆಯ ದಿನ ಹುಣಸೂರು ಸಂತೆಯಿಂದ ಒಂದು ಮಡಕೆ ತರಿಸಿ ಬೇರೆಯಾಗಿ ತೆಗೆದುಕೊಂಡೆವು. ಜೋಡಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಚಿಕ್ಕಸಿದ್ದಮ್ಮ ಎನ್ನುವುದೇ ಈಗ ಚಿತ್ರದಲ್ಲೂ ಅವಳ ಹೆಸರು. ಆ ಏಳನೆಯ ಮಡಕೆಯನ್ನು ನೆನಪಿಗೆಂದು ಜೊತೆಗೆ ತಂದಿದ್ದೇನೆ.

ಹೊರಡುವಾಗ ಕೇರಿಯವರಿಗೆಲ್ಲ ಲಾಡು ಹಂಚಿಸಿದೆ. ಯಾರೂ ಮುಟ್ಟಲಿಲ್ಲ. ದಣಿದಿದ್ದರೆಂದು ತೋರುತ್ತದೆ.

ನಿಮ್ಮ ಋಣಿ,
ಕಂಠಪ್ಪ

*

ಸೋಗೆಕಟ್ಟೆ
9–3–1940

ಕಂಠಪ್ಪ,

ದಣಿದಿರಲಿಲ್ಲ.

ಹುಣಸೂರಿನಿಂದ ನಾನು ಹಿಂತಿರುಗಿದಾಗ ಚಿಕ್ಕಸಿದ್ದಮ್ಮ ನಮ್ಮ ಮನೆಯ ಹುಣಸೆಮರದ ಕೆಳಗೆ ಕೂತಿದ್ದಳು. ಕೇರಿಯೊಳಕ್ಕೆ ಹೋಗುವಂತಿಲ್ಲ. ಅವಳ ಗುಡಿಸಲ ಒಲೆಗೆ ನೀರು ಹೊಯ್ದು ಬಾಗಿಲಿಗೆ ಮುಳ್ಳು ಹಾಕಿದ್ದಾರೆ. ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ಎದುರಿಗೆ ಬಂದರೆ ದಾರಿ ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತಾರೆ, ಹೆಣ ಹೋಗುವಾಗ ನಿಲ್ಲುವ ಹಾಗೆ. ನನಗೆ ಅದನ್ನು ನೋಡಲಾಗಲಿಲ್ಲ.

ನಾನು ಸಣ್ಣಬೀರಯ್ಯನ ಮೇಲೆ ರೇಗಿದೆ. “ಬದುಕಿರೋ ಹೆಂಗಸು ಕಣ್ಣೆದುರು ಕೂತವಳೆ, ನಿಮಗೇನು ಹುಚ್ಚು ಹಿಡಿದಿದೆಯೇನೋ?” ಎಂದೆ. ಅವನು ಸಿಟ್ಟಾಗಲಿಲ್ಲ.

“ನಂಗೂ ಕಾಣ್ತದೆ ಬುದ್ಧಿ, ಉಸ್ರಾಡ್ತಾವ್ಳೆ ಅಂತ. ಏನ್ ಮಾಡಾದು? ಕಳ್ಸೋ ಪದ ಆಗೋಯ್ತು. ಮಡ್ಕೆ ಒಡೀನಿಲ್ಲ. ಅತ್ಲಾಗೂ ಓಗ್ನಿಲ್ಲ, ಇತ್ಲಾಗೂ ಇಲ್ಲ. ಅಂಗಿರೋರ್ನ ಒಳಿಕ್ಕೆ ಬುಟ್ಕಂಡ್ರೆ ಇನ್ನೊಬ್ರನ್ನ ಜೊತೀಗ್ ಕರ್ಕೊಂಡೋಯ್ತರೆ ಅಂತ ನಮ್ ಇರೀಕ್ರು ಯೋಳವ್ರೆ. ಕೇರೀಲಿ ಬಸುರೇರವ್ರೆ, ಕೂಸ್‌ಗೊಳವೆ.”

ದಾರಿ ಇಲ್ಲವೇ ಎಂದು ಕೇಳಿದೆ. ಇದೆ ಎಂದ. ಹೆಸರು ಕೂಗಿದಾಗ ಎದುರಿಗಿದ್ದ ಆ ಮಡಕೆ ಒಡೆಯದೆ ವಾಪಸು ಬರಬೇಕು. ಅದರಲ್ಲಿ ಕೆರೆಯ ನೀರು ತುಂಬಿ ಚಿಕ್ಕಬಸಮ್ಮನೇ ಅವಳ ತಲೆಯ ಮೇಲೆ ಹೊಯ್ದು ಹೊಸ ಹೆಸರಿಟ್ಟು ಒಳಗೆ ಕರೆದುಕೊಳ್ಳಬಹುದು. ಮಡಕೆ ಒಡೆದರೆ ಮಾತ್ರ ಅವಳು ಹೋಗಲೇಬೇಕು. “ಗಟ್ಟಿಯಾಗದೆ ತಾನೆ ಬುದ್ಧಿ, ಆ ಮಡ್ಕೆ?” ಎಂದು ಎರಡು ಸಲ ಕೇಳಿದ. ನಿನ್ನ ಕಾಗದದಲ್ಲಿದ್ದ ಮಾತು ಓದಿ ಹೇಳಿದೆ. ಅವನ ಮುಖಕ್ಕೆ ಜೀವ ಬಂತು.

ಇದು ನಿನಗೂ ನನಗೂ ಮೂಢನಂಬಿಕೆ ಇರಬಹುದು. ಆದರೆ ಅವಳು ಬದುಕಬೇಕಾದದ್ದು ನಿನ್ನ ಜೊತೆಯಲ್ಲೂ ಅಲ್ಲ, ನನ್ನ ಜೊತೆಯಲ್ಲೂ ಅಲ್ಲ. ಸದ್ಯಕ್ಕೆ ನಮ್ಮ ಕೊಟ್ಟಿಗೆಯಲ್ಲಿ ಮಲಗುತ್ತಾಳೆ. ನೀನು ಬಾ, ಇಲ್ಲ ಯಾರ ಕೈಯಲ್ಲಾದರೂ ಜೋಪಾನವಾಗಿ ಕಳಿಸು. ಕೂಡಲೆ.

ಗುರುಮಲ್ಲಪ್ಪ

*

ಮದರಾಸು
2–5–1940

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಮೂರು ಕಾಗದಗಳೂ ಬಂದಿವೆ. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಚಿತ್ರದ ತುಂಡುಗಳನ್ನು ಜೋಡಿಸುವ ಕೆಲಸ ನಡೆದಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವೆಲ್ಲ ಚಿಕ್ಕಸಿದ್ದಮ್ಮನ ಸಾವನ್ನೇ ನೋಡುತ್ತಿರುತ್ತೇನೆ, ಹಿಂದಕ್ಕೆ, ಮುಂದಕ್ಕೆ.

ನಿಜ ಹೇಳಲೇ? ನಿಮ್ಮ ಮಾತು ನನಗೆ ನೋವು ತಂದಿತು. ಇಂಥ ಕಟ್ಟಳೆಗಳ ಕತ್ತಲೆಯಿಂದ ಅವರನ್ನು ಹೊರಗೆ ತರಲೆಂದೇ ನಾನು ಈ ಚಿತ್ರ ತೆಗೆಯುತ್ತಿರುವುದು. ಈಗ ನಾನೇ ಮಡಕೆ ಹೊತ್ತು ಬಂದು ಆ ಕತ್ತಲೆಗೆ ಕೈಮುಗಿದು ನಿಲ್ಲಲೇ? ಎರಡು ತಿಂಗಳು ಸುಮ್ಮನಿದ್ದರೆ ಅವರೇ ಮರೆತು ಕರೆದುಕೊಳ್ಳುತ್ತಾರೆ.

ಇನ್ನೊಂದು ಮಾತು, ದೊಡ್ಡವರಿಗೆ ಹೇಳಬಾರದ್ದು. ಕೇರಿಯನ್ನು ನಾನು ಬಳಸಿಕೊಂಡೆನೆಂದು ಬರೆದಿದ್ದೀರಿ. ಲಿಂಗಯ್ಯನನ್ನು ನಾಲ್ಕು ವರ್ಷ ಜಗಲಿಯಲ್ಲಿ ಕೂರಿಸಿದವರು ಯಾರು? ಅವನ ಸ್ಲೇಟನ್ನು ಮುಟ್ಟದೆ ಬೆತ್ತದ ತುದಿಯಿಂದ ತಪ್ಪು ತೋರಿಸುತ್ತಿದ್ದವರು ಯಾರು? ಈಗಲೂ ಆ ಮುದುಕಿ ಮಲಗುವುದು ನಿಮ್ಮ ಕೊಟ್ಟಿಗೆಯಲ್ಲಿ. ಮನೆಯೊಳಗೆ ಏಕಿಲ್ಲ, ಮೇಷ್ಟ್ರೇ?

ಮಡಕೆ ನನ್ನ ಮೇಜಿನ ಮೇಲೆ ಭದ್ರವಾಗಿದೆ. ಪೆನ್ನು, ಅಳತೆಪಟ್ಟಿ ಇಡುತ್ತಿದ್ದೇನೆ. ಕೆಲಸ ಮುಗಿದ ಮೇಲೆ ತರುತ್ತೇನೆ.

ನಿಮ್ಮ ಶಿಷ್ಯ,
ಕಂಠಪ್ಪ

*

ಸೋಗೆಕಟ್ಟೆ ಕೇರಿ
21–7–1940

ಡೈರೆಕ್ಟರ್ ಕಂಠಪ್ಪನವರಿಗೆ ಲಿಂಗಯ್ಯನ ನಮಸ್ಕಾರ.

ಮೇಷ್ಟ್ರು ನಿಮಗೆ ಕಾಗದ ಬರೆಯುವುದನ್ನು ನಿಲ್ಲಿಸಿದ್ದಾರೆ. ನಮ್ಮವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ತಿದ್ದಿಲ್ಲ.

“ನೋಡಪ್ಪ, ನಾನು ಚಿಕ್ಕಬಸಮ್ಮ. ನೀನು ನನ್ ಕಿವೀಲಿ ಯೋಳಿದ್ ಮಾತು ಇನ್ನೂ ಅಲ್ಲೇ ಅದೆ. ಎಲ್ರೂ ನನ್ನ ಬಾಯ್ ತಪ್ತು ಅಂತರೆ. ಬಾಯ್ ತಪ್ಪಿದ್ದೇನೋ ನಿಜ. ಆರ್ ಸಲ ತಪ್ಪದೆ ಇಡ್ಕಂಡಿದ್ದೆ. ನೀ ಬಂದು ಸತ್ತಳು ಅಂದ್ಕೊ ಅಂದೆ. ಅಂದ್ಕಂಡೆ. ಅಂದ್ಕಂಡ್ ಮ್ಯಾಲೆ ಬ್ಯಾರೆ ಎಸ್ರು ಎಂಗೆ ಬಂದಾತು?

ಆವಮ್ಮ ದಿನಾ ಬೆಳಗ್ಗೆ ಕೇರಿ ಬಾಯ್ಗೆ ಬಂದು ಬೇಲಿ ಅತ್ರ ನಿಂತ್ಕತಳೆ. ನಾನು ಇತ್ಲಾಗೆ ಕಸ ಗುಡುಸ್ತಾ ನಿಂತ್ಕತೀನಿ. ಅವ್ಳು ಮಾತಾಡ್ತಳೆ, ನಾನು ಕೇಳುಸ್ಕಳೋ ಅಂಗಿಲ್ಲ. ನೆನ್ನೆ ಅಂದ್ಲು, ‘ಬಸಿ, ರಾಗಿಗೆ ಉಳ ಬಿದ್ದದೆ ಅಂತ ಕಾಣ್ತದೆ, ಬಿಸ್ಲಿಗ್ ಆಕು’ ಅಂತ. ನಾನು ತಿರುಗಿ ನೋಡ್ದೆ ಬಂದು ರಾಗಿ ಬಿಸ್ಲಿಗಾಕ್ದೆ. ಉಳ ಬಿದ್ದಿತ್ತು.

ನೀನು ದೊಡ್ಡೋನಾಗಿದ್ದಿ, ಆಗು. ಪಿಚ್ಚರ್ ನೀನೇ ಮಡಿಕ್ಕೊ. ಮಡ್ಕೆ ಕೊಟ್ಬುಡು ನನ್ನಪ್ಪ. ವೊಸಾ ಎಸ್ರು ಹುಡ್ಕಿ ಮಡುಗಿವ್ನಿ. ಯಾರ್ಗೂ ಯೋಳಿಲ್ಲ.”

ಇಷ್ಟೇ ಅವಳು ಹೇಳಿದ್ದು. ನನ್ನ ಮಾತು ಒಂದಿದೆ. ಮಡಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ. ಚಿಕ್ಕಂದಿನಲ್ಲಿ ನನ್ನ ಬಳಪವನ್ನೂ ಕಿತ್ತುಕೊಳ್ಳುತ್ತಿದ್ದಿರಿ, ಆದರೆ ಸಂಜೆಗೆ ಕಿಟಕಿಯಿಂದ ವಾಪಸು ಎಸೆಯುತ್ತಿದ್ದಿರಿ.

ಲಿಂಗಯ್ಯ

*

ಮದರಾಸು
3–11–1940

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಜನ ಸಾಲು ನಿಂತಿದ್ದಾರೆ. ಚಿತ್ರದ ಒಂಬತ್ತು ಪ್ರತಿ ಊರೂರಿಗೆ ಹೊರಟಿವೆ. ಚಿಕ್ಕಸಿದ್ದಮ್ಮನ ಹೆಸರು ಕೂಗುವ ಹೊತ್ತಿಗೆ ಥಿಯೇಟರಿನಲ್ಲಿ ಬಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತುಮಕೂರಿನ ಕಡೆಯ ಒಬ್ಬ ಜಮೀನ್ದಾರರು ಚಿತ್ರ ನೋಡಿ ಹೋಗಿ ತಮ್ಮೂರಿನ ಬಾವಿಯನ್ನು ಕೇರಿಯವರಿಗೆ ಬಿಟ್ಟುಕೊಟ್ಟರಂತೆ. ಅವರ ಕಾಗದ ನನ್ನ ಹತ್ತಿರವಿದೆ. ಇದನ್ನು ಓದಿಯೂ ನೀವು ನನ್ನನ್ನು ಅಪರಾಧಿ ಎನ್ನುತ್ತೀರಾ?

ಡಿಸೆಂಬರ್ ಒಂದರಂದು ಮೈಸೂರಿನಲ್ಲಿ ಐವತ್ತನೆಯ ದಿನದ ಸಭೆ. ಚಿಕ್ಕಸಿದ್ದಮ್ಮನನ್ನು ವೇದಿಕೆಗೆ ಕರೆಸಿ ಸನ್ಮಾನ ಮಾಡಬೇಕೆಂದು ಕಂಪನಿಯವರ ಆಸೆ. ಪರದೆಯ ಮೇಲೆ ಸತ್ತವಳು ಎದ್ದು ಬಂದಂತೆ ಜನರಿಗೆ ಕಾಣಬೇಕಂತೆ. ಮಾತು ಒರಟು, ಮನಸ್ಸು ಒಳ್ಳೆಯದು. ನೀವು ಕರೆತನ್ನಿ. ಮಡಕೆಯನ್ನು ಅವತ್ತೇ, ಅಲ್ಲೇ, ಅವಳ ಕೈಗೆ ಕೊಡುತ್ತೇನೆ. ಇದು ಮಾತು.

ನಿಮ್ಮ,
ಕಂಠಪ್ಪ

*

ಸೋಗೆಕಟ್ಟೆ
14–11–1940

ಕಂಠಪ್ಪನಿಗೆ,

ಆ ಬಾವಿಯ ನೀರು ಕುಡಿಯುವವರಿಗೆ ಒಳ್ಳೆಯದಾಗಲಿ, ಮನಸ್ಸಿನಿಂದ ಹೇಳುತ್ತೇನೆ. ಅದಕ್ಕೆ ನಿನ್ನ ಮನೆಯನ್ನು ಕೊಡುತ್ತೀಯಾ ಎಂದು ಈ ಹೆಂಗಸನ್ನು ಕೇಳಿದವರು ಯಾರು? ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಕೊಡುವಂಥವಳೇ.

ಮೇ ತಿಂಗಳ ಕಾಗದದಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ, ಬರೆಯಲು ಮುಖವಿರಲಿಲ್ಲ. ಅದನ್ನು ಓದಿದ ದಿನವೇ ಕೊಟ್ಟಿಗೆಗೆ ಹೋಗಿ, “ಒಳಗೆ ಬಾರಮ್ಮ, ನಡುಮನೆಯಲ್ಲಿ ಮಲಗು” ಎಂದೆ. ಸುನಂದಮ್ಮ ಬಾಗಿಲಲ್ಲಿ ನಿಂತಿದ್ದಳು, ಬೇಡವೆನ್ನಲಿಲ್ಲ. ಆದರೆ ಚಿಕ್ಕಸಿದ್ದಮ್ಮ ಏಳಲಿಲ್ಲ. “ಬದುಕಿದ್ದಾಗ ಕರೀನಿಲ್ಲ, ಈಗ್ ಕರೀತೀರಲ್ಲ ಬುದ್ಧಿ” ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗುವಿಗೆ ನಾನು ಅಲ್ಲಿ ನಿಲ್ಲಲಾರದೆ ಬಂದುಬಿಟ್ಟೆ.

ನಿಘಂಟಿನಿಂದ ಆ ಅಂಚೆಕಾರ್ಡನ್ನು ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದಳು. “ಈ ಮಡ್ಕೆ ನಮ್ಮವ್ವಂದು” ಎಂದಳು. ತನ್ನ ಮುಖದ ಮಾತೇ ಎತ್ತಲಿಲ್ಲ.

ಈಚೆಗೆ ಮಾತು ಕಡಮೆಯಾಗಿದೆ. ಹೆಸರು ಹಿಡಿದು ಕೂಗಿದರೆ ಒಮ್ಮೊಮ್ಮೆ ಓಗೊಡುವುದಿಲ್ಲ. ಕಿವಿ ಮಂದವಾಯಿತೆಂದು ಸುನಂದಮ್ಮ ಹೇಳುತ್ತಾಳೆ. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಕೊಟ್ಟಿಗೆಯಿಂದ ತಿರುಗಿ ನೋಡುವವಳಿಗೆ ಕಿವಿ ಮಂದವೇ?

ಸಭೆ, ಹಾರ ಯಾವುದೂ ಅವಳಿಗೆ ಬೇಡ. ಮಡಕೆಗಾಗಿ ಬರುತ್ತಾಳೆ. ಚಿಕ್ಕಬಸಮ್ಮ ಕೆರೆಯ ಹಾದಿ ಗುಡಿಸಿ ಕಾಯುತ್ತಿದ್ದಾಳೆ. ಈ ಸಲ ಮಾತು ತಪ್ಪಬೇಡ.

ಗುರುಮಲ್ಲಪ್ಪ

*

ಮದರಾಸು
5–12–1940

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಸಭೆ ಎಷ್ಟು ಚೆನ್ನಾಗಿ ಆಯಿತಲ್ಲವೇ! ಚಿಕ್ಕಸಿದ್ದಮ್ಮ ವೇದಿಕೆ ಹತ್ತಿದಾಗ ಎರಡು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ. ರೈಲಿಗೆ ಹೊತ್ತಾಯಿತೆಂದು ನಾನು ಹಿಂದಿನ ಬಾಗಿಲಿಂದ ಹೊರಟುಬಿಟ್ಟೆ, ನಿಮ್ಮನ್ನು ಕಾಣಲಾಗಲಿಲ್ಲ.

ಮಡಕೆಯ ವಿಷಯ ಬರೆಯಲು ಸಂಕೋಚವಾಗುತ್ತದೆ. ಕಂಪನಿಯವರು ಅದನ್ನು ನನ್ನಿಂದ ಕೇಳಿ ತೆಗೆದುಕೊಂಡು ಥಿಯೇಟರಿನ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ‘ಚಿಕ್ಕಸಿದ್ದಮ್ಮನ ನಿಜವಾದ ಮಡಕೆ’ ಎಂದು ಫಲಕ ಬರೆಸಿ. ಸಭೆ ಮುಗಿದ ಮೇಲೆ ತೆಗೆದುಕೊಡುವಂತೆ ಮ್ಯಾನೇಜರಿಗೆ ಹೇಳಿದ್ದೆ. ಆ ನೂಕುನುಗ್ಗಲಿನಲ್ಲಿ ಅದು ಒಡೆದುಹೋಯಿತೆಂದು ಅವನ ಕಾಗದ ಇಂದು ಬಂತು. ಏನೂ ಯೋಚನೆ ಬೇಡ. ಅದೇ ಅಳತೆಯ, ಸುಣ್ಣದ ಬೊಟ್ಟಿರುವ ಇನ್ನೊಂದು ಮಡಕೆಯನ್ನು ನಮ್ಮ ಸೆಟ್ಟಿನ ಕೆಲಸಗಾರರಿಂದ ಮಾಡಿಸಿ ಕಳಿಸುತ್ತೇನೆ. ಯಾರಿಗೂ ತಿಳಿಯುವುದಿಲ್ಲ.

ನಿಮ್ಮ,
ಕಂಠಪ್ಪ

*

ಸೋಗೆಕಟ್ಟೆ
15–12–1940

ಕಂಠಪ್ಪ,

ಮಡಕೆ ನೂಕುನುಗ್ಗಲಿನಲ್ಲಿ ಒಡೆಯಲಿಲ್ಲ. ನಡೆದದ್ದನ್ನು ಬರೆಯುತ್ತೇನೆ, ಓದು.

ನಾವು ಥಿಯೇಟರಿನೊಳಕ್ಕೆ ಕಾಲಿಟ್ಟ ಕೂಡಲೆ ಅವಳು ಗಾಜಿನ ಪೆಟ್ಟಿಗೆಯನ್ನು ಕಂಡಳು. ಒಳಗೆ ಹೂವು, ಕುಂಕುಮ. ಜನ ಕೈಮುಗಿದು ಮುಂದೆ ಹೋಗುತ್ತಿದ್ದರು. ಅವಳು ಹತ್ತಿರ ಹೋಗಿ ಗಾಜಿಗೆ ಅಂಗೈ ಇಟ್ಟು ನಿಂತಳು. “ನಂದು ಕಣಪ್ಪ ಇದು, ತೆಕ್ಕೊಡು” ಎಂದು ಮ್ಯಾನೇಜರನಿಗೆ ಹೇಳಿದಳು. ಅವನು ನಕ್ಕ. “ನಿಂದೇ ಅಜ್ಜಿ, ಇಲ್ಲ ಅಂದೋರ್ಯಾರು? ಪಿಕ್ಚರ್ ಓಡೋವರೆಗೂ ಇಲ್ಲೇ ಇರಲಿ” ಎಂದ. ಸಭೆ ಮುಗಿದ ಮೇಲೆ ಕೊಡುವುದಾಗಿ ಕಂಠಪ್ಪ ಮಾತು ಕೊಟ್ಟಿದ್ದಾನೆಂದು ನಾನು ಹೇಳಿದೆ. “ನನಗೆ ಕಂಪನಿಯವರು ಹೇಳಬೇಕು ಸಾರ್” ಎಂದ. ಕಂಠಪ್ಪ ಹೇಳುತ್ತಾನೆ ಎಂದು ನಾನು ಅವಳನ್ನು ಸಮಾಧಾನ ಮಾಡಿದೆ. ನಾನು ಯಾವಾಗಲೂ ನಿನ್ನ ಪರವಾಗಿಯೇ ಮಾತಾಡಿದ್ದೇನೆ, ನೋಡು.

ವೇದಿಕೆಯ ಮೇಲೆ ಹಾರ ಹಾಕಿದಿರಿ. ದೀಪ ಆರಿಸಿ ಚಿತ್ರ ಬಿಟ್ಟಿರಿ. ಅವಳು ನನ್ನ ಪಕ್ಕದಲ್ಲಿ ಕೂತು ತಾನು ಸಾಯುವುದನ್ನು ರೆಪ್ಪೆ ಬಡಿಯದೆ ನೋಡಿದಳು. ತಂಗಿಯ ದನಿಯಲ್ಲಿ ತನ್ನ ಹೆಸರು ಬಂತು. ಸುತ್ತಲೂ ಜನ ಅಳುತ್ತಿದ್ದರು, ನಮ್ಮ ಮುಂದಿನ ಸಾಲಿನ ಹೆಂಗಸರು ಬಿಕ್ಕಿ ಬಿಕ್ಕಿ. ಅವಳು ಅವರನ್ನೂ ಒಂದು ಸಲ ನೋಡಿದಳು. ಪರದೆಯ ಮೇಲೆ ಮಡಕೆ ಒಡೆಯಿತು. ಆಗ ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ, “ಇದು ಸಂತೆ ಮಡ್ಕೆ. ಬೊಟ್ಟಿಲ್ಲ” ಎಂದಳು. ಇಷ್ಟು ಸಾವಿರ ಜನ ನೋಡಿದ್ದರಲ್ಲ, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದಳು. ನಾನು ಬಿಟ್ಟೆ.

ಮುಂದಿನದನ್ನು ಕಂಡವನು ನಮ್ಮನ್ನು ಬಸ್ಸಿನಲ್ಲಿ ಕರೆತಂದಿದ್ದ ಡ್ರೈವರ್ ಜಾನ್ ಪಾಷಾ. ಅವನು ಬಾಗಿಲ ಹತ್ತಿರ ಬೀಡಿ ಸೇದುತ್ತ ನಿಂತಿದ್ದ. ಅವಳು ಹೊರಗೆ ಬಂದವಳೇ ಕೊರಳ ಹಾರ ತೆಗೆದು ಕೈಗೆ ಸುತ್ತಿಕೊಂಡು ಗಾಜಿಗೆ ಗುದ್ದಿದಳಂತೆ. ಮಡಕೆಯನ್ನು ಎತ್ತಿಕೊಂಡು, ಒಳಗಿದ್ದ ಹೂವನ್ನೆಲ್ಲ ನೆಲಕ್ಕೆ ಸುರಿದು, ಮಗುವಿನ ತಲೆ ಸವರುವ ಹಾಗೆ ಮಡಕೆಯ ಮೈ ಸವರಿದಳಂತೆ. ಮ್ಯಾನೇಜರ್ ಕೂಗುತ್ತ ಓಡಿಬಂದ. ಪಾಷಾ ಅಡ್ಡ ನಿಂತು, “ಅವರದೇ ಮಾಲು ಸಾಬ್, ಹೋಗಲಿ ಬಿಡಿ” ಎಂದ. ತೆಗೆದುಕೊಂಡು ಹೋಗುತ್ತಾಳೆಂದೇ ಅವನೂ ತಿಳಿದಿದ್ದ. ಅವಳು ಮೆಟ್ಟಿಲ ಮೇಲೆ ನಿಂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಕೂಗಿದಳು. ಮಡಕೆಯನ್ನು ಕೆಳಗಿನ ಕಲ್ಲಿಗೆ ಅಪ್ಪಳಿಸಿದಳು. ನಡೆದು ಹೋದಳು. ಪಾಷಾ, “ಅಮ್ಮಾ, ಚಿಕ್ಕಸಿದ್ದಮ್ಮಾ” ಎಂದು ಬೆನ್ನ ಹಿಂದೆ ಕೂಗಿದ. ತಿರುಗಲಿಲ್ಲ.

ಒಂಬತ್ತು ತಿಂಗಳು ಅವಳು ಕಾದಳು, ಕಂಠಪ್ಪ. ಗಾಜಿನೊಳಗೆ ಗಟ್ಟಿಯಾಗಿದ್ದ ಆ ಮಡಕೆಯನ್ನು ಕಂಡಾಗ, ಊರಿಗೆ ಹೊತ್ತು ತಂದರೆ ಮನೆ ಸಿಗುತ್ತದೆಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಏಕೆ ಒಡೆದಳೆಂದು ಸಣ್ಣಬೀರಯ್ಯನನ್ನು ಕೇಳಿದೆ. “ದಿನಾ ಸಾಯ್ತಾವ್ಳೆ ಅಂತ ಅವ್ಳ್ಗೆ ಗೊತ್ತಾಯ್ತಲ್ಲ ಬುದ್ಧಿ, ಅಲ್ಲಿ. ನಾವ್ ಒಂದ್ ಕಡೆ ನೀರ್ ಉಯ್ದು ಒಳಿಕ್ ಕರ್ಕೊಂಡ್ರೆ, ಇನ್ನ್ ಒಂಬತ್ ಕಡೆ ಎಸ್ರು ಕೂಗ್ತಾವ್ರೆ. ಯಾವ್ ಮಡ್ಕೇಲಿ ತೊಳ್ಯಾದು?” ಎಂದ.

ಮಾರನೆಯ ದಿನ ಬೆಳಿಗ್ಗೆ ಬಿಳಿಕೆರೆಯ ಹತ್ತಿರ ಪಾಷಾ ಅವಳನ್ನು ಕಂಡ. ರಸ್ತೆಯಂಚಿನಲ್ಲಿ ಹುಣಸೂರಿನ ಕಡೆಗೆ ನಡೆಯುತ್ತಿದ್ದಳಂತೆ. ಬಸ್ಸು ನಿಲ್ಲಿಸಿ ಹತ್ತು ಎಂದ. ಬಸ್ಸಿನಲ್ಲಿ ಚಿತ್ರ ನೋಡಿದ್ದವರು ಇಬ್ಬರಿದ್ದರು. ಅವಳ ಮುಖ ಕಂಡು ಚೀರಿದರು. ಅವಳು ಗದ್ದೆಗೆ ಇಳಿದು ಹೊರಟುಹೋದಳು. ಅಲ್ಲಿಂದಾಚೆಗೆ ಯಾರೂ ಕಂಡಿಲ್ಲ. ಲಿಂಗಯ್ಯ ಗಾವಡಗೆರೆಯವರೆಗೂ ಊರೂರು ಅಲೆದು ಬಂದ. ಅವನು ಕೇಳಿದ ಕಡೆಯಲ್ಲೆಲ್ಲ ಜನ ಒಂದೇ ಮಾತು ಹೇಳಿದರಂತೆ: “ಯಾವ ಚಿಕ್ಕಸಿದ್ದಮ್ಮ? ಪಿಚ್ಚರ್‌ನಾಗೆ ಸತ್ತೋಳಾ?”

ನೀನು ಮಾಡಿಸುವ ಮಡಕೆಯನ್ನು ಕಳಿಸಬೇಡ.

ಇವತ್ತು ಹತ್ತಿರದ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಒಂದು ಸಿನಿಮಾ ಟೆಂಟ್ ಬಂದಿಳಿದಿದೆ. ನಿನ್ನ ಒಂಬತ್ತರಲ್ಲಿ ಒಂದು ನಮ್ಮ ಸೀಮೆಗೂ ಬಂತು. ನಾಳೆಯಿಂದ ಸಂಜೆ ಆಟ. ಕೇರಿಯವರು ಒಳಗೆ ಹೋಗುವುದಿಲ್ಲ, ಟೆಂಟಿನ ಹೊರಗೆ ರಸ್ತೆಯಲ್ಲಿ ನಿಲ್ಲುತ್ತಾರಂತೆ. ಹೆಸರು ಕೂಗುವುದು ಕೇಳಿ ಅವಳು ಬಂದರೂ ಬರಬಹುದೆಂದು ಅವರ ಎಣಿಕೆ. ಬರಲಿ ಎಂದೋ ಬಾರದಿರಲಿ ಎಂದೋ, ನಾನು ಕೇಳಲಿಲ್ಲ. ಚಿಕ್ಕಬಸಮ್ಮ ಕುಂಬಾರನ ಹತ್ತಿರ ಹತ್ತು ಮಡಕೆ ಹೇಳಿದ್ದಾಳೆ, ಆಟ ಇರುವಷ್ಟು ದಿನಕ್ಕೆ. ಪ್ರತಿ ಸಂಜೆ ಹೆಸರು ಬಂದಾಗ ಒಂದು ಒಡೆಯಬೇಕಲ್ಲ. ಬೇರೆ ಊರುಗಳಲ್ಲಿ ಒಡೆಯುವವರು ಯಾರು ಎಂದು ನನ್ನನ್ನು ಕೇಳಿದಳು. ಅವಳ ಪ್ರಶ್ನೆಯನ್ನು ನಿನಗೆ ದಾಟಿಸುತ್ತಿದ್ದೇನೆ.

ನಾನೂ ಹೋಗಿ ನಿಲ್ಲುತ್ತೇನೆ. ಟೆಂಟಿನ ದೀಪದ ಬೆಳಕಿನಂಚಿನಲ್ಲಿ ಅವಳು ಕಂಡರೆ ಕರೆಯಬೇಕು. ಹಳೆಯ ಹೆಸರಿಗೆ ಅವಳು ತಿರುಗುವುದಿಲ್ಲ. ಹೊಸ ಹೆಸರು ಚಿಕ್ಕಬಸಮ್ಮನ ಬಾಯೊಳಗೇ ಇದೆ, ಆ ಮಡಕೆಯಿಲ್ಲದೆ ಹೊರಗೆ ಬರುವಂತಿಲ್ಲ. ಏನೆಂದು ಕೂಗಲಿ?

ಗುರುಮಲ್ಲಪ್ಪ